ಇವಾನ್ ಬಿಲಿಬಿನ್ ಅವರ ಗೆರೆ ಎಲ್ಲಿಂದ ಬಂತು?

ಪ್ರಶ್ನೆ – ಹೊತ್ತಗೆಮನೆ

ಎಲ್ಲರಿಗೂ ನಮಸ್ಕಾರ.

ಕಳೆದ ತಿಂಗಳು ತಂದೆಯವರ ಪುಸ್ತಕದ ಕಪಾಟನ್ನು ತೆರವು ಮಾಡುತ್ತಿದ್ದಾಗ, 1980ರ ದಶಕದಲ್ಲಿ ದಾವಣಗೆರೆಯ ಪುಸ್ತಕ ಪ್ರದರ್ಶನವೊಂದರಲ್ಲಿ ಅವರು ನನಗೆಂದು ಕೊಂಡು ತಂದಿದ್ದ ರಷ್ಯನ್ ಜನಪದ ಕಥೆಗಳ ತೆಳ್ಳನೆಯ ಪುಸ್ತಕವೊಂದು ಮತ್ತೆ ಕೈಗೆ ಸಿಕ್ಕಿತು. ಸೋವಿಯತ್ ಪುಸ್ತಕಗಳು ಅಗ್ಗದ ಬೆಲೆಗೆ ದೊರೆಯುತ್ತಿದ್ದ ಆ ಕಾಲವನ್ನು ನನ್ನ ವಯಸ್ಸಿನವರು ಮರೆತಿರಲಾರರು. ಪುಸ್ತಕ ಇಂಗ್ಲಿಷಿನಲ್ಲಿತ್ತು, ಆಗ ನನಗೆ ಓದಲು ಬರುತ್ತಿರಲಿಲ್ಲ; ಆದ್ದರಿಂದ ಕಥೆಗಿಂತ ಮೊದಲು ಚಿತ್ರಗಳೇ ನನ್ನೊಳಗೆ ಇಳಿದವು. ಬಾಬಾ ಯಾಗಾ ಎಂಬ ಮಾಟಗಾತಿ ಮುದುಕಿ ಒರಳಿನಲ್ಲಿ ನಿಂತು, ಒಂದು ಕೈಯಲ್ಲಿ ಒನಕೆ, ಇನ್ನೊಂದರಲ್ಲಿ ಕಸಬರಿಕೆ ಹಿಡಿದು ಕಾಡಿನ ನಡುವೆ ಹಾರಿಹೋಗುವ ಪುಟವನ್ನು ನೋಡಿದ ಮೇಲೆ, ಅಜ್ಜಿಯ ಮನೆಯ ಹಿತ್ತಿಲಲ್ಲಿದ್ದ ಒರಳನ್ನು ನಾನು ಬಹಳ ದಿನ ಭಯದಿಂದಲೇ ನೋಡಿದ್ದೇನೆ.

ಈಗ ಅದೇ ಪುಟವನ್ನು ನಡುವಯಸ್ಸಿನ ಕಣ್ಣಿನಿಂದ ನೋಡುವಾಗ ಬೇರೊಂದು ವಿಷಯ ಕಾಡುತ್ತಿದೆ. ಮರದ ಕಾಂಡ, ಮುದುಕಿಯ ಜಡೆಗಟ್ಟಿದ ಕೂದಲು, ಮುಂಭಾಗದಲ್ಲಿರುವ ಬಿಳಿ ಚುಕ್ಕೆಯ ಕೆಂಪು ಅಣಬೆ, ಇವೆಲ್ಲವನ್ನೂ ಕಪ್ಪು ಗೆರೆಯೊಂದು ಬಿಗಿಯಾಗಿ ಸುತ್ತುವರಿದಿದೆ. ಗೆರೆಯ ಒಳಗೆ ಬಣ್ಣವು ಒಂದೇ ಸಮನಾಗಿ ಹರಡಿಕೊಂಡಿದೆ. ತೈಲಚಿತ್ರಗಳಲ್ಲಿ ಕಾಣುವ ನೆರಳು ಬೆಳಕಿನ ಆಟ ಇಲ್ಲವೆನ್ನುವಷ್ಟು ಕಡಿಮೆ. ಆದರೂ ಕಾಡು ದಟ್ಟವಾಗಿಯೇ ಕಾಣುತ್ತದೆ, ತಂಪು ಕೂಡ ಮೈಗೆ ತಾಕುತ್ತದೆ.

ಪುಸ್ತಕದಲ್ಲಿ ಚಿತ್ರಕಾರರ ಹೆಸರು ಇವಾನ್ ಬಿಲಿಬಿನ್ ಎಂದಷ್ಟೇ ಇದೆ. ಅವರು ಯಾರು, ಎಲ್ಲಿ ಕಲಿತರು, ಈ ಶೈಲಿಗೆ ಹೇಗೆ ಬಂದು ತಲುಪಿದರು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು. ಮುಖ್ಯವಾಗಿ ನನ್ನ ಪ್ರಶ್ನೆ ಇಷ್ಟು: ಈ ದಪ್ಪ ಗೆರೆ ಮತ್ತು ಚಪ್ಪಟೆ ಬಣ್ಣ ಕಲಾವಿದರು ಮನಸಾರೆ ಆರಿಸಿಕೊಂಡ ದಾರಿಯೇ, ಅಥವಾ ಅಂದಿನ ಮುದ್ರಣದ ಮಿತಿ ಅವರ ಮೇಲೆ ಹೇರಿದ ಕಟ್ಟುಪಾಡೇ?

ಉತ್ತರ 1 – ರೇಖಾಪಾಠ

ತಮ್ಮ ಪ್ರಶ್ನೆಯನ್ನು ಓದಿ ಬಹಳ ಸಂತೋಷವಾಯಿತು. ನಾನು ಚಿತ್ರಕಲೆಯನ್ನು ಕಲಿಸುವವಳು. ರೇಖಾಚಿತ್ರದ ತರಗತಿಯಲ್ಲಿ ಪ್ರತಿವರ್ಷವೂ ಬಿಲಿಬಿನ್ ಅವರ ಒಂದೆರಡು ಪುಟಗಳನ್ನು ವಿದ್ಯಾರ್ಥಿಗಳ ಮುಂದಿಡುತ್ತೇನೆ. ಮುದ್ರಣದ ಭಾಗವನ್ನು ನನಗಿಂತ ಚೆನ್ನಾಗಿ ಬಲ್ಲವರು ಈ ವೇದಿಕೆಯಲ್ಲಿದ್ದಾರೆ. ಹಾಗಾಗಿ ಬಿಲಿಬಿನ್ ಈ ಗೆರೆಯನ್ನು ಕಂಡುಕೊಂಡ ವರ್ಷಗಳ ಬಗ್ಗೆ ಮಾತ್ರ ಬರೆಯುತ್ತೇನೆ.

ಇವಾನ್ ಯಾಕೊವ್ಲೆವಿಚ್ ಬಿಲಿಬಿನ್ 1876ರ ಆಗಸ್ಟ್‌ನಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ಸಮೀಪದ ತಾರ್ಖೊವ್ಕಾ ಎಂಬಲ್ಲಿ ಹುಟ್ಟಿದರು. ತಂದೆ ನೌಕಾಪಡೆಯ ವೈದ್ಯರು. ಮಗ ವಿಶ್ವವಿದ್ಯಾಲಯ ಸೇರಿದ್ದು ಕಾನೂನು ಓದಲು; 1900ರಲ್ಲಿ ಆ ಓದನ್ನು ಮುಗಿಸಿಯೂ ಬಿಟ್ಟರು. ಆದರೆ ವಿಶ್ವವಿದ್ಯಾಲಯಕ್ಕೆ ಸೇರುವ ಮುನ್ನವೇ, 1895ರಿಂದ, ಕಲಾ ಪ್ರೋತ್ಸಾಹಕ ಸಂಘ ನಡೆಸುತ್ತಿದ್ದ ಚಿತ್ರಶಾಲೆಗೆ ಹೋಗತೊಡಗಿದ್ದರು. 1898ರ ಬೇಸಿಗೆಯಲ್ಲಿ ಮ್ಯೂನಿಕ್‌ಗೆ ತೆರಳಿ ಆಂಟನ್ ಅಜ್ಬೆ ಅವರ ಸ್ಟುಡಿಯೋದಲ್ಲಿ ಸುಮಾರು ಎರಡು ತಿಂಗಳು ಅಭ್ಯಾಸ ಮಾಡಿದರು. ಹಿಂದಿರುಗಿದ ಮೇಲೆ ರಾಜಕುಮಾರಿ ಮಾರಿಯಾ ತೆನಿಶೆವಾ ಅವರ ಕಲಾಶಾಲೆಯಲ್ಲಿ ಇಲ್ಯಾ ರೆಪಿನ್ ಅವರ ಶಿಷ್ಯರಾದರು, ಮುಂದೆ ಕಲಾ ಅಕಾಡೆಮಿಯಲ್ಲಿಯೂ 1904ರವರೆಗೆ ಅವರ ಬಳಿಯೇ ಕಲಿತರು. ರೆಪಿನ್ ಎಂದರೆ ಎಣ್ಣೆಬಣ್ಣದ ದಿಗ್ಗಜ. ಮುಖದ ಮೇಲೆ ಬೀಳುವ ಬೆಳಕು, ಬಟ್ಟೆಯ ಮಡಿಕೆ, ಕಣ್ಣಂಚಿನ ತೇವ ಇವುಗಳನ್ನೆಲ್ಲ ಬಣ್ಣದ ಮುದ್ದೆಯಿಂದಲೇ ಜೀವಂತಗೊಳಿಸಿದವರು. ಅಂಥವರ ಎದುರು ಇಷ್ಟು ವರ್ಷ ಕುಳಿತ ಶಿಷ್ಯ, ಕೊನೆಗೆ ನೆರಳನ್ನೇ ಬಿಟ್ಟು ಗೆರೆಯೊಂದನ್ನೇ ನೆಚ್ಚಿಕೊಂಡದ್ದು ನನಗೆ ಇಂದಿಗೂ ಸೋಜಿಗ. ಆದರೆ ರೆಪಿನ್ ಅವರ ಬಳಿ ಪಡೆದ ಕಟ್ಟುನಿಟ್ಟಾದ ಅಭ್ಯಾಸ ಎಲ್ಲಿಯೂ ಹೋಗಲಿಲ್ಲ. ಬಿಲಿಬಿನ್ ಅವರ ಕುದುರೆಗಳ ಕಾಲುಗಳನ್ನು ಗಮನಿಸಿ ನೋಡಿ, ಅಂಗರಚನೆ ತಿಳಿಯದವರು ಅಂಥ ಸರಳ ಗೆರೆಯನ್ನು ಎಳೆಯಲಾರರು.

ಅವರ ಬದುಕಿನ ತಿರುವು 1899ರಲ್ಲಿ ಬಂತು. ಆ ವರ್ಷ ಪೀಟರ್ಸ್‌ಬರ್ಗ್‌ನ ಕಲಾ ಅಕಾಡೆಮಿಯಲ್ಲಿ ವಿಕ್ತೋರ್ ವಾಸ್ನೆತ್ಸೊವ್ ಅವರ ಚಿತ್ರಗಳ ಪ್ರದರ್ಶನ ನಡೆಯಿತು. ಹಳೆಯ ರಷ್ಯಾದ ಮೂವರು ವೀರರು ಕುದುರೆಯೇರಿ ಗಡಿ ಕಾಯುತ್ತಿರುವ ಅವರ ಬೃಹತ್ ಚಿತ್ರದ ಎದುರು ಬಿಲಿಬಿನ್ ಬೆರಗಾಗಿ ನಿಂತರು. ಅದೇ ವರ್ಷ ತ್ವೆರ್ ಪ್ರಾಂತದ ಯೆಗ್ನಿ ಎಂಬ ಹಳ್ಳಿಗೆ ಹೋದರು. ವಾಸ್ನೆತ್ಸೊವ್ ಚಿತ್ರಗಳಲ್ಲಿ ಕಂಡಿದ್ದ ದಟ್ಟ ಕಾಡು, ಮರದ ಮನೆ, ಕೆತ್ತನೆಯ ಕಿಟಕಿಯ ಚೌಕಟ್ಟು ಅಲ್ಲಿ ಕಣ್ಣೆದುರಿಗೇ ಇದ್ದವು. ರಾಜಕುಮಾರ ಇವಾನ್, ಬೆಂಕಿಹಕ್ಕಿ ಮತ್ತು ಬೂದು ತೋಳದ ಕಥೆಗೆ ಅವರು ಮೊದಲ ಚಿತ್ರಗಳನ್ನು ಬರೆದದ್ದು ಆ ಹಳ್ಳಿಯಲ್ಲಿ. ಆಗ ಅವರಿಗೆ ಇಪ್ಪತ್ತಮೂರು ತುಂಬುತ್ತಿತ್ತು.

ಆ ಚಿತ್ರಗಳಿಂದ ಹುಟ್ಟಿದ್ದೇ 1901ರಿಂದ 1903ರವರೆಗೆ ಹೊರಬಂದ ಆರು ಪುಸ್ತಕಗಳ ಮಾಲೆ. ವಾಸಿಲೀಸಾ, ಕಪ್ಪೆ ರಾಜಕುಮಾರಿ, ಮಾರ್ಯಾ ಮೊರೆವ್ನಾ ಮೊದಲಾದ ಕಥೆಗಳೆಲ್ಲ ಈ ಮಾಲೆಯವು. ತಮ್ಮ ಬಳಿಯಿರುವ ಬಾಬಾ ಯಾಗಾ ಚಿತ್ರವೂ ವಾಸಿಲೀಸಾಳ ಕಥೆಯದೇ, 1900ರಲ್ಲಿ ಬರೆದದ್ದು. ಅದೇ ಕಥೆಯಲ್ಲಿ ಬರುವ ಮೂವರು ಸವಾರರ ಪುಟಗಳನ್ನೂ ನೋಡಿ: ಬಿಳಿಯವನು ಹಗಲು, ಕೆಂಪಿನವನು ಸೂರ್ಯ, ಕಪ್ಪಿನವನು ರಾತ್ರಿ. ಕಥೆಯೇ ಬಣ್ಣಗಳನ್ನು ಹಂಚಿಕೊಟ್ಟಿರುವಾಗ ಚಿತ್ರಕಾರನಿಗೆ ಚಪ್ಪಟೆ ಬಣ್ಣ ಎಷ್ಟು ಸಹಜವಾಗಿ ಒದಗಿತೆಂಬುದು ಅಲ್ಲಿ ಕಾಣುತ್ತದೆ.

ಆದರೂ ಈ ಮೊದಲ ಮಾಲೆಯಲ್ಲಿ ಬಿಲಿಬಿನ್ ಇನ್ನೂ ಪೂರ್ತಿ ಬಿಲಿಬಿನ್ ಆಗಿಲ್ಲ ಎಂಬುದು ನನ್ನ ಅಭಿಪ್ರಾಯ. ಕಾಡಿಗೆ ಇನ್ನೂ ಆಳವಿದೆ, ದೂರದ ಮರ ಮಸುಕಾಗುತ್ತದೆ, ಪಾತ್ರಗಳ ಉಡುಪು ಅರ್ಧ ಕಲ್ಪನೆಯದು. ಮುಂದಿನ ಹೆಜ್ಜೆಗೆ ಕಾರಣವಾದದ್ದು ಉತ್ತರದ ಪ್ರವಾಸಗಳು. 1902ರಿಂದ 1904ರವರೆಗೆ, ಅಲೆಕ್ಸಾಂಡರ್ III ಹೆಸರಿನ ರಷ್ಯನ್ ವಸ್ತುಸಂಗ್ರಹಾಲಯದ ಜನಾಂಗ ಅಧ್ಯಯನ ವಿಭಾಗವು ಅವರನ್ನು ವೊಲೊಗ್ದಾ, ಅರ್ಖಾಂಗೆಲ್ಸ್ಕ್, ಒಲೊನೆತ್ಸ್ ಮತ್ತು ತ್ವೆರ್ ಪ್ರಾಂತಗಳಿಗೆ ಕಳುಹಿಸಿತು. ಅವರು ಹಳ್ಳಿಯಿಂದ ಹಳ್ಳಿಗೆ ಅಲೆದು ಕಸೂತಿಯ ಅಂಚುಗಳನ್ನು, ನೂಲುವ ಹಲಗೆಗಳನ್ನು, ಹೆಂಗಸರ ತಲೆಯುಡುಗೆಗಳನ್ನು ಸಂಗ್ರಹಿಸಿದರು, ಮರದ ಚರ್ಚುಗಳ ಛಾಯಾಚಿತ್ರ ತೆಗೆದರು. ಉತ್ತರದ ಜನಪದ ಕಲೆಯ ಬಗ್ಗೆ 1904ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಅಮೆರಿಕವನ್ನು ಹೊಸದಾಗಿ ಕಂಡುಹಿಡಿದಂತೆ ನಾವು ನಮ್ಮದೇ ಹಳೆಯ ರಷ್ಯಾವನ್ನು ಈಚೆಗಷ್ಟೇ ಕಂಡುಹಿಡಿದಿದ್ದೇವೆ, ಅದು ದೂಳು ಹಿಡಿದು ಬೂಷ್ಟು ಬೆಳೆದು ಹಾಳಾಗಿದ್ದರೂ ಸುಂದರವಾಗಿಯೇ ಇತ್ತು ಎಂಬರ್ಥದ ಮಾತುಗಳನ್ನು ಬರೆದರು.

ಕಸೂತಿ ಹಾಕುವವರಿಗೆ ಇದರ ಪರಿಣಾಮ ತಟ್ಟನೆ ಹೊಳೆಯುತ್ತದೆ. ಸೂಜಿಯ ಕೆಲಸದಲ್ಲಿ ಹಕ್ಕಿಯೆಂದರೆ ಅದರ ಹೊರಗೆರೆ. ಒಳಗಿನದು ತುಂಬುವ ಬಣ್ಣ. ದೂರದ ಹಕ್ಕಿ, ಹತ್ತಿರದ ಹಕ್ಕಿ ಎಂಬ ಭೇದವಿಲ್ಲ. ಜಾತ್ರೆಗಳಲ್ಲಿ ಮಾರುತ್ತಿದ್ದ ಲುಬೋಕ್ ಎಂಬ ಅಗ್ಗದ ಅಚ್ಚುಚಿತ್ರಗಳಲ್ಲಿಯೂ ಇದೇ ಕ್ರಮ. ಪುಷ್ಕಿನ್ ಅವರ ರಾಜ ಸಾಲ್ತಾನನ ಕಥೆಗೆ 1905ರಲ್ಲಿ ಬಿಲಿಬಿನ್ ಬರೆದ ಚಿತ್ರಗಳಿಗೆ ಬರುವಷ್ಟರಲ್ಲಿ ಈ ಪಾಠ ಅವರ ಕೈಯಲ್ಲಿ ಪೂರ್ತಿ ಹದಗೊಂಡಿದೆ. ರಾಣಿಯನ್ನೂ ಮಗುವನ್ನೂ ಪೀಪಾಯಿಯಲ್ಲಿ ಮುಚ್ಚಿ ಸಮುದ್ರಕ್ಕೆ ಬಿಟ್ಟ ದೃಶ್ಯದಲ್ಲಿ ಅಲೆಯೊಂದು ಉಗುರು ಚಾಚಿದಂತೆ ಬಾಗಿ ನಿಂತಿದೆ. ಜಪಾನಿನ ಹೊಕುಸಾಯ್ ಅವರ ಪ್ರಸಿದ್ಧ ಅಲೆಯನ್ನು ನೋಡಿದವರಿಗೆ ಅದರ ಮೂಲ ತಿಳಿಯದೆ ಇರದು. ಉತ್ತರ ರಷ್ಯಾದ ಕಸೂತಿ ಮತ್ತು ಜಪಾನಿನ ಮರದಚ್ಚು, ಪರಸ್ಪರ ಪರಿಚಯವೇ ಇಲ್ಲದ ಈ ಎರಡು ಕಲೆಗಳು ಒಂದೇ ಪುಟದಲ್ಲಿ ಕೂಡಿಕೊಂಡದ್ದು ಸಾಧ್ಯವಾದದ್ದು ಎರಡಕ್ಕೂ ಗೆರೆಯೇ ಆಧಾರವಾಗಿದ್ದುದರಿಂದ.

ಆದ್ದರಿಂದ ತಮ್ಮ ಪ್ರಶ್ನೆಗೆ ನನ್ನ ಉತ್ತರ, ಅದು ಆಯ್ಕೆಯೇ ಹೌದು, ಹೇರಿಕೆಯಲ್ಲ ಎಂದು.

ಉತ್ತರ 2 – ಕಲ್ಲಚ್ಚು

ರೇಖಾಪಾಠ ಮೇಡಂ ಅವರು ಬರೆದದ್ದನ್ನು ಗೌರವದಿಂದ ಓದಿದೆ. ಆದರೆ ಕೊನೆಯ ಸಾಲನ್ನು ಒಪ್ಪುವುದು ನನಗೆ ಕಷ್ಟ. ನಾನು ಮೂವತ್ತೆಂಟು ವರ್ಷ ಮುದ್ರಣಾಲಯಗಳಲ್ಲಿ ದುಡಿದವನು. ಕೆಲಸ ಕಲಿತದ್ದು ಆಫ್‌ಸೆಟ್ ಯಂತ್ರದಲ್ಲಿಯೇ ಆದರೂ, ನನಗೆ ಕಲಿಸಿದ ಹಿರಿಯರು ಕಲ್ಲಚ್ಚಿನ ಕಾಲದವರು. ಅವರಿಂದ ಕೇಳಿ ತಿಳಿದದ್ದನ್ನು ಇಲ್ಲಿ ಹೇಳಿದರೆ ಈ ಚಿತ್ರಗಳು ಹೀಗೇಕಿವೆ ಎಂಬುದು ಇನ್ನಷ್ಟು ಸ್ಪಷ್ಟವಾಗಬಹುದು.

ಮೊದಲು ಈ ಪುಸ್ತಕಗಳನ್ನು ಅಚ್ಚು ಹಾಕಿದವರು ಯಾರೆಂದು ನೋಡಬೇಕು. ಅದು ಮಕ್ಕಳ ಪುಸ್ತಕದ ಪ್ರಕಾಶನವಲ್ಲ. ರಷ್ಯಾ ಸಾಮ್ರಾಜ್ಯದ ನೋಟು, ಸಾಲಪತ್ರ, ಸರ್ಕಾರಿ ದಸ್ತಾವೇಜುಗಳನ್ನು ಮುದ್ರಿಸಲೆಂದು 1818ರಲ್ಲಿ ಪೀಟರ್ಸ್‌ಬರ್ಗ್‌ನಲ್ಲಿ ಸ್ಥಾಪನೆಯಾದ ಸರ್ಕಾರಿ ಕಾಗದಪತ್ರಗಳ ಮುದ್ರಣ ಇಲಾಖೆ. ನೋಟಿನ ಮೇಲೆ ಹಲವು ಬಣ್ಣಗಳನ್ನು ಒಂದೇ ಸಲಕ್ಕೆ, ಕೂದಲೆಳೆಯಷ್ಟೂ ಕದಲದಂತೆ ಮುದ್ರಿಸುವ ವಿಧಾನವನ್ನು ಇವಾನ್ ಓರ್ಲೊವ್ ರೂಪಿಸಿದ್ದು ಇದೇ ಸಂಸ್ಥೆಯಲ್ಲಿ, 1890ರ ಸುಮಾರಿನಲ್ಲಿ. ಅಂದರೆ ಬಿಲಿಬಿನ್ ಅವರ ಚಿತ್ರಗಳು ಹೋಗಿ ಸೇರಿದ್ದು ಗೆರೆಯ ನಿಖರತೆಗಾಗಿಯೇ ಬದುಕಿದ್ದ ಕೆಲಸಗಾರರ ಕೈಗೆ. ಖೋಟಾ ನೋಟು ತಡೆಯಲೆಂದು ಬೆಳೆಸಿದ ಕೌಶಲ ಕಪ್ಪೆ ರಾಜಕುಮಾರಿಯ ಕಥೆಗೆ ಒದಗಿತು.

ಬಣ್ಣದ ಕಲ್ಲಚ್ಚಿನಲ್ಲಿ ಪ್ರತಿ ಬಣ್ಣಕ್ಕೂ ಒಂದು ಬೇರೆ ಕಲ್ಲು. ನಯಗೊಳಿಸಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಆ ಬಣ್ಣ ಎಲ್ಲೆಲ್ಲಿ ಬರಬೇಕೋ ಅಷ್ಟನ್ನೇ ಬರೆಯುತ್ತಾರೆ. ಕಲ್ಲನ್ನು ನೀರಿನಿಂದ ಒದ್ದೆ ಮಾಡಿ ಶಾಯಿಯ ರೋಲರ್ ಉರುಳಿಸಿದರೆ, ಜಿಡ್ಡಿದ್ದ ಕಡೆ ಶಾಯಿ ಹಿಡಿಯುತ್ತದೆ, ನೀರಿದ್ದ ಕಡೆ ಹಿಡಿಯುವುದಿಲ್ಲ. ಕಾಗದದ ಹಾಳೆಯೊಂದು ಹಳದಿಯ ಕಲ್ಲಿನ ಮೇಲೆ ಒಮ್ಮೆ, ಕೆಂಪಿನ ಮೇಲೆ ಒಮ್ಮೆ, ನೀಲಿಯ ಮೇಲೆ ಒಮ್ಮೆ, ಹೀಗೆ ಎಷ್ಟು ಬಣ್ಣವೋ ಅಷ್ಟು ಸಲ ಹಾದುಹೋಗಬೇಕು. ಪ್ರತಿ ಸಲವೂ ಹಾಳೆ ಅದೇ ಜಾಗದಲ್ಲಿ ಕೂರಬೇಕು. ಇದನ್ನೇ ನಾವು ರಿಜಿಸ್ಟರ್ ಕೂಡುವುದು ಎನ್ನುತ್ತಿದ್ದೆವು. ಒಂದಿಷ್ಟು ಜರುಗಿದರೂ ಕೆಂಪು ಅಣಬೆಯ ಪಕ್ಕದಲ್ಲಿ ಬಿಳಿ ಸೀಳು ಕಾಣಿಸುತ್ತದೆ.

ಇಲ್ಲಿಯೇ ಕಪ್ಪು ಗೆರೆಯ ಮಹತ್ವವಿರುವುದು. ಎರಡು ಬಣ್ಣಗಳು ಸೇರುವ ಅಂಚಿನ ಮೇಲೆ ಕಪ್ಪು ಗೆರೆ ಕೂತರೆ ಸಣ್ಣ ಪುಟ್ಟ ಜರುಗುವಿಕೆ ಅದರ ಅಡಿಯಲ್ಲಿ ಅಡಗಿಹೋಗುತ್ತದೆ. ಗೆರೆಯ ದಪ್ಪ ಎಲ್ಲ ಕಡೆ ಒಂದೇ ಸಮನಾಗಿದ್ದರೆ ಕಲ್ಲಿನ ಮೇಲೆ ಅದನ್ನು ನಕಲು ಮಾಡುವ ಕುಶಲಕರ್ಮಿಯೂ ತಪ್ಪುವುದಿಲ್ಲ. ಬಣ್ಣ ಒಂದೇ ಹದದಲ್ಲಿದ್ದರೆ ಒಂದು ಕಲ್ಲು ಸಾಕು. ತಿಳಿಯಿಂದ ಗಾಢಕ್ಕೆ ಜಾರಿಕೊಂಡು ಹೋಗುವ ನೆರಳು ಬೇಕೆಂದರೆ ಕಲ್ಲುಗಳ ಸಂಖ್ಯೆಯೂ ಖರ್ಚೂ ಏರುತ್ತವೆ. ಬಿಲಿಬಿನ್ ಇವನ್ನೆಲ್ಲ ಬಲ್ಲವರಾಗಿದ್ದರು.

ಅವರು ಕೆಲಸ ಮಾಡುತ್ತಿದ್ದ ಕ್ರಮವೇ ಇದಕ್ಕೆ ಸಾಕ್ಷಿ. ಮೊದಲು ಕಚ್ಚಾ ಕಾಗದದ ಮೇಲೆ ಪೆನ್ಸಿಲಿನಿಂದ ಇಡೀ ಚಿತ್ರದ ವಿವರವಾದ ನಕ್ಷೆ. ಅದನ್ನು ಟ್ರೇಸಿಂಗ್ ಕಾಗದದ ಮೂಲಕ ದಪ್ಪನೆಯ ಒಳ್ಳೆಯ ಕಾಗದಕ್ಕೆ ಇಳಿಸುವುದು. ಆಮೇಲೆ ನಯವಾದ ಕೂದಲಿನ ಕುಂಚವೊಂದರ ತುದಿಯನ್ನು ಓರೆಯಾಗಿ ಕತ್ತರಿಸಿ, ಅದನ್ನು ಉಳಿಯಂತೆ ಹಿಡಿದು ಪೆನ್ಸಿಲ್ ಗೆರೆಯ ಮೇಲೆ ಕಪ್ಪು ಶಾಯಿಯನ್ನು ಎಳೆಯುವುದು. ಪಳಗಿದ ಮೇಲೆ ಅವರು ಲೇಖನಿಯನ್ನು ಬಹುಮಟ್ಟಿಗೆ ಕೈಬಿಟ್ಟು ಈ ಕುಂಚವನ್ನೇ ಬಳಸಿದರು. ಅದುರದ ಆ ಕೈಯಿಂದಾಗಿ ಗೆಳೆಯರು ಅವರನ್ನು ಕಬ್ಬಿಣದ ಕೈಯ ಇವಾನ್ ಎಂದು ಕರೆಯುತ್ತಿದ್ದರಂತೆ. ಗೆರೆ ಒಣಗಿದ ಮೇಲೆಯೇ ಜಲವರ್ಣ, ಅದೂ ಮೀನಾಕಾರಿಯ ಒಡವೆಯಲ್ಲಿ ಲೋಹದ ಅಂಚುಗಳ ನಡುವೆ ಬಣ್ಣ ತುಂಬುವಂತೆ, ಒಂದೊಂದು ಮನೆಗೆ ಒಂದೊಂದು ಬಣ್ಣ. ಚಿತ್ರ ಬರೆಯುವಾಗಲೇ ಬಣ್ಣಗಳನ್ನು ಕಲ್ಲುಗಳಿಗೆ ಹಂಚಿಕೊಂಡೇ ಬರೆದಂತಿದೆ ಇದು.

ಹೇರಿಕೆ ಎಂದು ನಾನೂ ಹೇಳಲಾರೆ. ಆದರೆ ಅಕ್ಕಸಾಲಿಗನಿಗೆ ಚಿನ್ನದ ಗುಣ ತಿಳಿದಿರುವಂತೆ ಬಿಲಿಬಿನ್ ಅವರಿಗೆ ಕಲ್ಲಿನ ಗುಣ ತಿಳಿದಿತ್ತು. ಕಸೂತಿಯಿಂದ ಕಲಿತ ಗೆರೆ ಅಚ್ಚಿನ ಕಲ್ಲಿಗೂ ಒಗ್ಗಿದ್ದರಿಂದಲೇ ಅದು ಗಟ್ಟಿಯಾಗಿ ನಿಂತಿತು. ಅವರನ್ನು ವರ್ಣಚಿತ್ರಕಾರರೆಂದು ಕರೆಯದೆ ಗ್ರಾಫಿಕ್ ಕಲಾವಿದರೆಂದು ಕರೆಯುವುದಕ್ಕೂ ಇದೇ ಕಾರಣ. ಅವರ ಕೃತಿ ಪೂರ್ಣವಾಗುತ್ತಿದ್ದುದು ಮೇಜಿನ ಮೇಲಲ್ಲ, ಅಚ್ಚಾದ ಹಾಳೆಯಲ್ಲಿ.

ಹೊತ್ತಗೆಮನೆ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ನೋಟು ಮುದ್ರಿಸುವವರು ಬಾಬಾ ಯಾಗಾಳನ್ನು ಮುದ್ರಿಸಿದರೆಂಬ ವಿಷಯ ತಿಳಿದ ಮೇಲೆ ಆ ಪುಟವನ್ನು ನೋಡುವ ರೀತಿಯೇ ಬದಲಾಗಿದೆ. ಇನ್ನೊಂದು ಕೋರಿಕೆ ಇದೆ. 1905ರ ನಂತರ ಈ ಕಲಾವಿದರ ಬದುಕು ಏನಾಯಿತು? ಕ್ರಾಂತಿಯ ಕಾಲದಲ್ಲಿ ಅವರು ಎಲ್ಲಿದ್ದರು? ರಾಜರಾಣಿಯರ ಚಿತ್ರ ಬರೆದವರನ್ನು ಸೋವಿಯತ್ ಸರ್ಕಾರ ಹೇಗೆ ನಡೆಸಿಕೊಂಡಿತು ಎಂಬ ಕುತೂಹಲವೂ ಇದೆ.

ಉತ್ತರ 3 – ನೆವಾತೀರ

ನಾನು ಕೆಲವು ವರ್ಷ ಓದಿಗಾಗಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದವನು. ಈ ಪ್ರಶ್ನೆಗೆ ಸ್ವಲ್ಪ ದೀರ್ಘವಾಗಿಯೇ ಉತ್ತರಿಸಬೇಕಾಗುತ್ತದೆ, ಏಕೆಂದರೆ ಬಿಲಿಬಿನ್ ಅವರ ಬದುಕಿನ ಎರಡನೆಯ ಅರ್ಧವನ್ನು ಹೆಚ್ಚಿನವರು ಎರಡು ಸಾಲಿನಲ್ಲಿ ಮುಗಿಸಿಬಿಡುತ್ತಾರೆ.

ರಾಜರ ಚಿತ್ರ ಬರೆದವರೆಂಬ ಮಾತಿನಿಂದಲೇ ಆರಂಭಿಸುತ್ತೇನೆ. 1905ರ ಕ್ರಾಂತಿಯ ದಿನಗಳಲ್ಲಿ ಪೀಟರ್ಸ್‌ಬರ್ಗ್‌ನಲ್ಲಿ ಹುಟ್ಟಿಕೊಂಡ ಝೂಪೆಲ್ ಎಂಬ ವಿಡಂಬನ ಪತ್ರಿಕೆಗೆ ಬಿಲಿಬಿನ್ ಚಿತ್ರ ಬರೆಯುತ್ತಿದ್ದರು. 1906ರ ಆರಂಭದಲ್ಲಿ ಹೊರಬಂದ ಮೂರನೆಯ ಸಂಚಿಕೆಯಲ್ಲಿ ಅವರು ಒಂದು ಕತ್ತೆಯನ್ನು ಬರೆದರು. ಕತ್ತೆ ಸುಮ್ಮನೆ ನಿಂತಿದೆ. ಆದರೆ ಅದರ ಸುತ್ತಲೂ ಚಕ್ರವರ್ತಿಯ ಭಾವಚಿತ್ರಕ್ಕೆ ಹಾಕುವಂಥ ರಾಜಲಾಂಛನಗಳ ವೈಭವದ ಚೌಕಟ್ಟು, ಕೆಳಗೆ ಪ್ರಾಣಿಶಾಸ್ತ್ರದ ಪುಸ್ತಕದಲ್ಲಿರುವಂತೆ ಕತ್ತೆಯ ವೈಜ್ಞಾನಿಕ ಹೆಸರು, ನಿಜ ಗಾತ್ರದ ಇಪ್ಪತ್ತನೆಯ ಒಂದು ಭಾಗ ಎಂಬ ಅಳತೆ. ಪತ್ರಿಕೆಯನ್ನು ಮುಚ್ಚಿಸಲಾಯಿತು, ಬಿಲಿಬಿನ್ ಅವರನ್ನು ಒಂದು ದಿನ ಬಂಧನದಲ್ಲಿಡಲಾಯಿತು. ಕಥೆಯ ಪುಸ್ತಕಗಳಲ್ಲಿ ಪುಟಪುಟಕ್ಕೂ ಅಂಚಿನ ಅಲಂಕಾರ ಬರೆದು ಪಳಗಿದ ಕೈ ಅದು. ಚೌಕಟ್ಟು ಏನು ಹೇಳಬಲ್ಲದು ಎಂಬುದನ್ನು ಅವರಷ್ಟು ಬಲ್ಲವರು ಯಾರಿದ್ದರು? ಪುಷ್ಕಿನ್ ಅವರ ಚಿನ್ನದ ಹುಂಜದ ಕಥೆಗೆ ಅವರು ಚಿತ್ರ ಬರೆದದ್ದೂ ಇದರ ಬೆನ್ನಿಗೇ. ಆ ಸೋಮಾರಿ ರಾಜ ದಾದೋನನ ಮುಖವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು.

1907ರಿಂದ ಹತ್ತು ವರ್ಷ ಅವರು ತಾವೇ ಹಿಂದೆ ಕಲಿತಿದ್ದ ಕಲಾ ಪ್ರೋತ್ಸಾಹಕ ಸಂಘದ ಶಾಲೆಯಲ್ಲಿ ಗ್ರಾಫಿಕ್ ಕಲೆಯನ್ನು ಕಲಿಸಿದರು. ಉಕ್ರೇನಿನ ಗ್ರಾಫಿಕ್ ಕಲೆಯಲ್ಲಿ ಮುಂದೆ ದೊಡ್ಡ ಹೆಸರಾದ ಗಿಯೋರ್ಗಿ ನಾರ್ಬುತ್ ಬಿಲಿಬಿನ್ ಅವರ ಶಿಷ್ಯರು. ನಮ್ಮ ನಾಡಿಗೂ ಇಲ್ಲಿಂದ ಒಂದು ಎಳೆ ಬರುತ್ತದೆ. ಆ ವರ್ಷಗಳಲ್ಲಿ ಶಾಲೆಯ ನಿರ್ದೇಶಕರಾಗಿದ್ದವರು ನಿಕೊಲಾಯ್ ರೋರಿಕ್. ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿಯಲ್ಲಿ ದೇವಿಕಾ ರಾಣಿ ಅವರೊಂದಿಗೆ ಬಾಳಿದ ಸ್ವೆತೊಸ್ಲಾವ್ ರೋರಿಕ್ ಅವರ ತಂದೆ. ಚಿತ್ರಕಲಾ ಪರಿಷತ್ತಿನಲ್ಲಿ ರೋರಿಕ್ ಅವರ ಚಿತ್ರಗಳ ಎದುರು ನಿಂತಾಗಲೆಲ್ಲ ಆ ಶಾಲೆಯ ಕೊಠಡಿಗಳು ನನಗೆ ನೆನಪಾಗುತ್ತವೆ.

ರಂಗಭೂಮಿಗೂ ಅವರು ದುಡಿದರು. 1908ರಲ್ಲಿ ರಂಗಪ್ರದರ್ಶನಗಳ ಸಂಘಟಕ ದ್ಯಾಗಿಲೆವ್ ಪ್ಯಾರಿಸ್ಸಿಗೆ ಕೊಂಡೊಯ್ದ ಬೊರಿಸ್ ಗೊದುನೊವ್ ಒಪೆರಾದ ಉಡುಪುಗಳಲ್ಲಿ ಅವರ ಕೈಯಿದೆ. 1917ರ ಫೆಬ್ರವರಿ ಕ್ರಾಂತಿಯ ನಂತರ ಬಂದ ತಾತ್ಕಾಲಿಕ ಸರ್ಕಾರಕ್ಕೆ ಹೊಸ ಲಾಂಛನ ಬೇಕಾದಾಗ, ಹಳೆಯ ಎರಡು ತಲೆಯ ಹದ್ದನ್ನೇ ಕಿರೀಟ, ರಾಜದಂಡ ಯಾವುದೂ ಇಲ್ಲದೆ, ರೆಕ್ಕೆ ಇಳಿಬಿಟ್ಟ ರೂಪದಲ್ಲಿ ಬರೆದುಕೊಟ್ಟರು. ಆ ಸರ್ಕಾರ ಕೆಲವೇ ತಿಂಗಳಲ್ಲಿ ಉರುಳಿತು. ಆದರೆ ಸೋವಿಯತ್ ಒಕ್ಕೂಟ ಒಡೆದ ಮೇಲೆ ರಷ್ಯಾದ ಕೇಂದ್ರ ಬ್ಯಾಂಕು ಅದೇ ಹದ್ದನ್ನು ಮತ್ತೆ ತೆಗೆದುಕೊಂಡಿತು. ಸುಮಾರು 2016ರವರೆಗೆ ರೂಬಲ್ ನಾಣ್ಯಗಳ ಮೇಲೆ ಇದ್ದದ್ದು ಅದೇ. ಅಲ್ಲಿದ್ದಾಗ ನಾನು ದಿನವೂ ಬಸ್ಸಿಗೆ ಕೊಡುತ್ತಿದ್ದ ಚಿಲ್ಲರೆಯಲ್ಲಿ ಬಿಲಿಬಿನ್ ಅವರ ಗೆರೆ ಇತ್ತು ಎಂಬುದು ನನಗೆ ತಿಳಿದದ್ದು ಎಷ್ಟೋ ದಿನಗಳ ಮೇಲೆ.

ಅಕ್ಟೋಬರ್ ಕ್ರಾಂತಿಯ ಹೊತ್ತಿಗೆ ಅವರು ಕ್ರಿಮಿಯಾದ ಬಾತಿಲಿಮಾನ್ ಎಂಬ ಕಡಲತಡಿಗೆ ಹೋಗಿಬಿಟ್ಟಿದ್ದರು. ಅಂತರ್ಯುದ್ಧ ದಕ್ಷಿಣಕ್ಕೆ ಹಬ್ಬಿದಂತೆ ಅಲ್ಲಿಂದಲೂ ಏಳಬೇಕಾಯಿತು. 1920ರ ಫೆಬ್ರವರಿಯಲ್ಲಿ ನೊವೊರೊಸ್ಸಿಸ್ಕ್ ಬಂದರಿನಿಂದ ಸರಾತೊವ್ ಎಂಬ ಹಡಗಿನಲ್ಲಿ ನಿರಾಶ್ರಿತರೊಂದಿಗೆ ಹೊರಟು ಈಜಿಪ್ಟ್ ತಲುಪಿದರು. ತೆಲ್ ಎಲ್ ಕೆಬೀರ್‌ನ ಶಿಬಿರದಲ್ಲಿದ್ದು, ಮುಂದೆ ಕೈರೋದಲ್ಲಿ ಗ್ರೀಕ್ ವರ್ತಕರೊಬ್ಬರ ಮನೆಗೆ ಬೈಜಾಂಟೈನ್ ಶೈಲಿಯ ದೊಡ್ಡ ಫಲಕಗಳನ್ನು ಬರೆಯುವ ಕೆಲಸ ಹಿಡಿದರು. ಮೊದಲ ಎರಡು ಮದುವೆಗಳು ಅಷ್ಟರಲ್ಲಿ ಮುರಿದಿದ್ದವು. ಹಿಂದೆ ಅವರ ವಿದ್ಯಾರ್ಥಿನಿಯಾಗಿದ್ದು, ಪೆತ್ರೊಗ್ರಾದಿನ (ಪೀಟರ್ಸ್‌ಬರ್ಗ್‌ನ ಆಗಿನ ಹೆಸರು) ಪಿಂಗಾಣಿ ಕಾರ್ಖಾನೆಯಲ್ಲಿ ಹೆಸರು ಮಾಡಿದ್ದ ಅಲೆಕ್ಸಾಂದ್ರಾ ಶ್ಚೆಕಾತಿಖಿನಾ ಪೊತೋತ್ಸ್ಕಾಯಾ 1923ರಲ್ಲಿ ಮಗನೊಂದಿಗೆ ಕೈರೋಗೆ ಬಂದರು, ಇಬ್ಬರೂ ಮದುವೆಯಾದರು. 1925ರಲ್ಲಿ ಕುಟುಂಬ ಪ್ಯಾರಿಸ್ ಸೇರಿತು.

ಪ್ಯಾರಿಸ್ಸಿನಲ್ಲಿ ಕೆಲಸಕ್ಕೆ ಕೊರತೆಯಿರಲಿಲ್ಲ. ರಷ್ಯನ್ ಒಪೆರಾಗಳಿಗೆ ರಂಗಸಜ್ಜಿಕೆ, ಫ್ರೆಂಚ್ ಪ್ರಕಾಶಕರಿಗೆ ಕಥೆಯ ಪುಸ್ತಕಗಳು. ಆದರೂ 1936ರ ಸೆಪ್ಟೆಂಬರ್‌ನಲ್ಲಿ ಲಾದೊಗಾ ಹಡಗಿನಲ್ಲಿ ಲೆನಿನ್‌ಗ್ರಾದ್‌ಗೆ, ಅಂದರೆ ಹೆಸರು ಬದಲಾಗಿದ್ದ ಅದೇ ಪೀಟರ್ಸ್‌ಬರ್ಗ್‌ಗೆ, ಹಿಂದಿರುಗಿದರು. ಹೊರಡುವ ಮುನ್ನ ಪ್ಯಾರಿಸ್ಸಿನ ಸೋವಿಯತ್ ರಾಯಭಾರ ಕಚೇರಿಗಾಗಿ, ವೀರಗಾಥೆಗಳಲ್ಲಿ ಬರುವ ಉಳುವವನಾದ ಮಿಕುಲಾನ ದೊಡ್ಡ ಭಿತ್ತಿಚಿತ್ರ ಬರೆದಿದ್ದರು. ಸೋವಿಯತ್ ಸರ್ಕಾರ ಹೇಗೆ ನಡೆಸಿಕೊಂಡಿತು ಎಂಬ ತಮ್ಮ ಪ್ರಶ್ನೆಗೆ ಉತ್ತರ ಇಲ್ಲಿದೆ: ಅವರನ್ನು ಕಲಾ ಅಕಾಡೆಮಿಯ ಸಂಸ್ಥೆಯಲ್ಲಿ ಗ್ರಾಫಿಕ್ ವಿಭಾಗದ ಪ್ರಾಧ್ಯಾಪಕರನ್ನಾಗಿ ಮಾಡಿದರು, ಪುಸ್ತಕದ ಕೆಲಸವನ್ನೂ ರಂಗಭೂಮಿಯ ಕೆಲಸವನ್ನೂ ಕೊಟ್ಟರು. ಕವಿ ಲೆರ್ಮೊಂತೊವ್ ಅವರ ವರ್ತಕ ಕಲಾಶ್ನಿಕೊವ್‌ನ ಹಾಡಿಗೆ ಅವರು ಚಿತ್ರ ಬರೆದದ್ದು ಈ ವರ್ಷಗಳಲ್ಲಿ. 1936ರಿಂದ ಮುಂದಿನ ಆ ಕಾಲ ಎಷ್ಟು ಜನ ಕಲಾವಿದರು, ಲೇಖಕರ ಪಾಲಿಗೆ ಎಷ್ಟು ಕ್ರೂರವಾಗಿತ್ತು ಎಂಬುದನ್ನು ನೆನೆದರೆ, ಹೊರದೇಶದಲ್ಲಿ ಹದಿನಾರು ವರ್ಷ ಇದ್ದು ಬಂದ ಇವರು ಸೆರೆಮನೆಯಿಂದ ದೂರ ಉಳಿದದ್ದು ದೊಡ್ಡ ಅದೃಷ್ಟವೇ.

ಆ ಅದೃಷ್ಟ ಐದು ವರ್ಷ ಬಾಳಿತು. 1941ರ ಸೆಪ್ಟೆಂಬರ್ 8ರಂದು ಲೆನಿನ್‌ಗ್ರಾದ್‌ಗೆ ಜರ್ಮನ್ ಸೇನೆಯ ಮುತ್ತಿಗೆ ಬಿಗಿಯಾಯಿತು. ನಗರ ಬಿಟ್ಟು ಹೋಗುವ ಅವಕಾಶ ಬಂದಾಗ, ಮುತ್ತಿಗೆಗೆ ಒಳಗಾದ ಕೋಟೆಯನ್ನು ಬಿಟ್ಟು ಓಡುವುದಿಲ್ಲ, ಅದನ್ನು ಕಾಯುತ್ತಾರೆ ಎಂಬರ್ಥದ ಮಾತು ಹೇಳಿ ಅವರು ನಿರಾಕರಿಸಿದರೆಂಬುದು ಪ್ರಸಿದ್ಧ. ನವೆಂಬರ್ 20ರಿಂದ ಡಿಸೆಂಬರ್ 25ರವರೆಗೆ ಕಾರ್ಮಿಕರಲ್ಲದ ನಾಗರಿಕರಿಗೆ ಸಿಗುತ್ತಿದ್ದುದು ದಿನಕ್ಕೆ 125 ಗ್ರಾಂ ಬ್ರೆಡ್, ಅದರಲ್ಲಿಯೂ ಹಿಟ್ಟಲ್ಲದ ಬೆರಕೆ. ಅರುವತ್ತೈದು ವಯಸ್ಸಿನ ಬಿಲಿಬಿನ್ ಅಕಾಡೆಮಿಯ ಕಟ್ಟಡದ ನೆಲಮಾಳಿಗೆಗೆ ಇಳಿದು, ಅಲ್ಲಿಯ ಚಳಿಯಲ್ಲಿ ದ್ಯೂಕ್ ಸ್ತೆಪಾನೊವಿಚ್ ಎಂಬ ವೀರನ ಗಾಥೆಗೆ ಚಿತ್ರ ಬರೆಯುತ್ತಿದ್ದರು. 1942ರ ಫೆಬ್ರವರಿ 7ರಂದು ಹಸಿವಿನಿಂದ ತೀರಿಕೊಂಡರು. ಸ್ಮೊಲೆನ್ಸ್ಕ್ ಸ್ಮಶಾನದ ಬಳಿ, ಅಕಾಡೆಮಿಯ ಪ್ರಾಧ್ಯಾಪಕರ ಸಾಮೂಹಿಕ ಸಮಾಧಿಯಲ್ಲಿ ಅವರನ್ನು ಮಣ್ಣು ಮಾಡಲಾಯಿತು. ದ್ಯೂಕ್‌ನ ಚಿತ್ರ ಪೆನ್ಸಿಲಿನ ಹಂತದಲ್ಲಿಯೇ ಉಳಿಯಿತು. ಕಲ್ಲಚ್ಚು ಅವರು ವಿವರಿಸಿದ ಕ್ರಮದ ಮೊದಲ ಹೆಜ್ಜೆ ಅದು, ಕುಂಚ ಹಿಡಿದು ಶಾಯಿ ಎಳೆಯುವ ದಿನ ಬರಲಿಲ್ಲ.

ಉತ್ತರ 4 – ರೇಖಾಪಾಠ

ನೆವಾತೀರ ಅವರ ಬರಹ ಓದಿ ಮನಸ್ಸು ಭಾರವಾಯಿತು. ಕಲ್ಲಚ್ಚು ಅವರ ವಿವರಣೆಯ ನಂತರ ನನ್ನ ಮೊದಲ ಉತ್ತರವನ್ನೂ ತಿದ್ದಿಕೊಳ್ಳುತ್ತೇನೆ: ಕಸೂತಿಯ ಗೆರೆ ಮತ್ತು ಕಲ್ಲಿನ ಗೆರೆ ಎರಡನ್ನೂ ಬೇರ್ಪಡಿಸಿ ನೋಡಿದ್ದು ನನ್ನ ತಪ್ಪು.

ಒಂದು ಅಭಿಪ್ರಾಯವನ್ನು ಮಾತ್ರ ಸೇರಿಸಬಯಸುತ್ತೇನೆ, ಒಪ್ಪದವರು ಖಂಡಿತ ಹೇಳಬೇಕು. ಪ್ಯಾರಿಸ್ ಕಾಲದ ಚಿತ್ರಗಳಲ್ಲಿ ಕೈಚಳಕ ಕಿಂಚಿತ್ತೂ ಕುಗ್ಗಿಲ್ಲವಾದರೂ, ಮೊದಲ ಪುಸ್ತಕಗಳ ಹಸಿತನ ನನಗೆ ಅಲ್ಲಿ ಸಿಗುವುದಿಲ್ಲ. ಯೆಗ್ನಿಯ ಕಾಡನ್ನು ಅವರು ನೋಡಿ ಬರೆದರು. ಪ್ಯಾರಿಸ್ಸಿನಲ್ಲಿ ಕುಳಿತು ನೆನಪಿನಿಂದ ಬರೆದರು. ನೆನಪಿನ ಮರಕ್ಕೆ ಎಲೆಗಳೆಲ್ಲ ಒಂದೇ ಅಳತೆಯವಾಗಿಬಿಡುತ್ತವೆ. ಅವರು ಹಿಂದಿರುಗಿದ್ದಕ್ಕೆ ಈ ಕಾರಣವೂ ಇದ್ದಿರಬಹುದೆಂದು ನಾನು ಊಹಿಸುತ್ತೇನೆ. ಆದರೆ ಸಾಲ್ತಾನನ ಪುಸ್ತಕವನ್ನು ಅವರ ಶಿಖರವೆಂದು ಹೇಳಲು ನನಗೆ ಹಿಂಜರಿಕೆಯಿಲ್ಲ.

ಉತ್ತರ 5 – ನೆವಾತೀರ

ಮೇಡಂ, ಸಾಲ್ತಾನನ ವಿಷಯದಲ್ಲಿ ಪೂರ್ತಿ ಒಪ್ಪುತ್ತೇನೆ, ಪ್ಯಾರಿಸ್ ವಿಷಯದಲ್ಲಿ ಅರ್ಧ ಮಾತ್ರ. ರಂಗಸಜ್ಜಿಕೆಯ ರೇಖಾಚಿತ್ರಗಳನ್ನು ಒಮ್ಮೆ ನೋಡಿ. ಮಕ್ಕಳ ಪುಟದಲ್ಲಿ ಇಕ್ಕಟ್ಟಾಗಿದ್ದ ಆಕಾಶಕ್ಕೆ ಅಲ್ಲಿ ಜಾಗ ಸಿಕ್ಕಿದೆ.

ಹೊತ್ತಗೆಮನೆ

ನಿನ್ನೆ ರಾತ್ರಿ ಭೂತಗನ್ನಡಿ ಹಿಡಿದು ಬಾಬಾ ಯಾಗಾಳ ಪುಟವನ್ನು ಮತ್ತೆ ನೋಡಿದೆ. ಅಣಬೆಯ ಕೆಂಪು ಚಪ್ಪಟೆಯಾಗಿ ಕಾಣುತ್ತದೆಂದು ಬರೆದಿದ್ದೆನಲ್ಲ, ಅದು ತಪ್ಪು. ಗಾಜಿನ ಅಡಿಯಲ್ಲಿ ಕೆಂಪು, ಹಳದಿ, ನೀಲಿ ಚುಕ್ಕೆಗಳು ಸಣ್ಣ ಸಣ್ಣ ಹೂವಿನಂತೆ ಗುಂಪುಗೂಡಿವೆ. ಕಲ್ಲಚ್ಚು ಅವರೇ, ನನ್ನ ಪುಸ್ತಕ ತಾವು ವಿವರಿಸಿದ ವಿಧಾನದ್ದಲ್ಲವೇ?

ಉತ್ತರ 6 – ಕಲ್ಲಚ್ಚು

ಅಲ್ಲ. ತಮ್ಮದು ಆಫ್‌ಸೆಟ್ ಮರುಮುದ್ರಣ. ಆ ಚುಕ್ಕೆಹೂವುಗಳೇ ಅದರ ಗುರುತು. ನಾಲ್ಕು ಬಣ್ಣದ ಚುಕ್ಕೆಗಳು ಸೇರಿ ಕಣ್ಣಿಗೆ ಕೆಂಪೆಂದು ತೋರಿಸುತ್ತವೆ. 1900ರ ದಶಕದ ಪ್ರತಿಯಲ್ಲಾದರೆ ಆ ಕೆಂಪಿಗೇ ಬೇರೆ ಕಲ್ಲು, ಬೇರೆ ಶಾಯಿ ಇರುತ್ತಿತ್ತು. ಗಾಜು ಹಿಡಿದು ನೋಡಿದರೂ ಇಂಥ ಸಾಲುಗಟ್ಟಿದ ಚುಕ್ಕೆಗಳು ಕಾಣುತ್ತಿರಲಿಲ್ಲ.

ಆದರೆ ಗಾಜನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ, ಅಣಬೆಯ ಸುತ್ತಲಿನ ಕಪ್ಪು ಗೆರೆಯ ಮೇಲೆ ಹಿಡಿದು ನೋಡಿ. ಮುದ್ರಣ ಒಳ್ಳೆಯದಾಗಿದ್ದರೆ ಅಲ್ಲಿ ಚುಕ್ಕೆಗಳು ಹೆಚ್ಚಾಗಿ ಕಾಣುವುದಿಲ್ಲ. ಕಪ್ಪಿನ ಪ್ಲೇಟಿನಲ್ಲಿ ಗೆರೆ ಹೆಚ್ಚು ಕಡಿಮೆ ಇಡಿಯಾಗಿಯೇ ಬರುತ್ತದೆ. ಕುಂಚದ ಓರೆ ತುದಿ ಎಲ್ಲಿ ತಿರುಗಿತು, ಎಲ್ಲಿ ನಿಂತಿತು ಎಂಬುದು ಅಲ್ಲಿ ಇನ್ನೂ ತಿಳಿಯುತ್ತದೆ.